ಅತಿಥಿಯೋ, ನಿವಾಸಿಯೋ? ಗಡಿ ದಾಟಿದ ಪರವಾನಗಿಗೆ ಮೊದಲ ಪ್ರಶ್ನೆ

ಪ್ರತಿದಿನ ಬೆಳಗಾಗುತ್ತಲೇ ತಲಪಾಡಿಯ ಗಡಿಯನ್ನು ದಾಟುವ ಕೆಎಲ್-14 ವಾಹನಗಳಿಗೆ ಲೆಕ್ಕವಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಿಂದ ಮಂಗಳೂರಿನ ಕಾಲೇಜಿಗೆ, ಆಸ್ಪತ್ರೆಗೆ, ಕಚೇರಿಗೆ ಹೊರಟವರ ವಾಹನಗಳವು. ಅವರ ಕಿಸೆಯಲ್ಲಿರುವ ಚಾಲನಾ ಪರವಾನಗಿಯನ್ನು ಕೊಟ್ಟದ್ದು ಕೇರಳ. ವಾಹನ ಓಡುವುದು ಕರ್ನಾಟಕದ ರಸ್ತೆಯಲ್ಲಿ. ಆದರೂ ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಯಾವುದೇ ರಾಜ್ಯದಲ್ಲಿ ಪಡೆದ ಪರವಾನಗಿಯೂ ಭಾರತದಾದ್ಯಂತ ಸಿಂಧುವಾಗಿರುತ್ತದೆ. ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅದರ ನೋಂದಣಿಯನ್ನು ಬದಲಿಸಬೇಕಾಗುತ್ತದೆಯೇ ಹೊರತು ಚಾಲಕನ ಪರವಾನಗಿಯನ್ನಲ್ಲ.

ಹೀಗೆ ಗಡಿಯೆಂಬುದು ಪರವಾನಗಿಗೆ ತಡೆಯಲ್ಲವೆಂಬ ಅನುಭವದಲ್ಲಿ ಬೆಳೆದ ಗಡಿನಾಡಿನ ತರುಣರು ಕಡಲಾಚೆಗೆ ಹೋದಾಗ ಎಡವುವುದುಂಟು. ಹತ್ತು ವರ್ಷ ವಾಹನ ನಡೆಸಿ ಪಳಗಿದ ಕೈ, ಕಿಸೆಯಲ್ಲಿ ಊರಿನ ಪರವಾನಗಿ. ಇನ್ನೇನು ಬೇಕು ಎಂಬ ಧೈರ್ಯ. ಆದರೆ ಪರದೇಶದ ಕಾನೂನು ಮೊದಲು ಕೇಳುವುದು ‘ನಿಮಗೆ ವಾಹನ ನಡೆಸಲು ಬರುತ್ತದೆಯೇ’ ಎಂದಲ್ಲ. ‘ನೀವು ಇಲ್ಲಿಗೆ ಅತಿಥಿಯೋ, ನಿವಾಸಿಯೋ’ ಎಂದು. ಈ ಪ್ರಶ್ನೆಯ ಉತ್ತರ ಬದಲಾದ ದಿನವೇ ಕೈಯಲ್ಲಿರುವ ಪರವಾನಗಿಯ ಬೆಲೆಯೂ ಬದಲಾಗುತ್ತದೆ.

ತಪ್ಪು ತಿಳಿವಳಿಕೆ ಹೆಚ್ಚಾಗಿ ಹುಟ್ಟುವುದು ಅಂತಾರಾಷ್ಟ್ರೀಯ ಚಾಲನಾ ಅನುಮತಿಪತ್ರದಿಂದ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿದ ದೇಶವಾದ ಭಾರತ ಈ ಪತ್ರವನ್ನು ತನ್ನ ಸಾರಿಗೆ ಕಚೇರಿಗಳ ಮೂಲಕ ನೀಡುತ್ತದೆ. ನಮೂನೆ 4ಎಯಲ್ಲಿ ಅರ್ಜಿ ಸಲ್ಲಿಸಿ 1000 ರೂಪಾಯಿ ಶುಲ್ಕ ತೆರಬೇಕು. ಅದರ ಅವಧಿ ಒಂದು ವರ್ಷ; ಅದಕ್ಕೂ ಮೊದಲೇ ಊರಿನ ಪರವಾನಗಿಯ ಅವಧಿ ತೀರಿದರೆ ಅಲ್ಲಿಗೇ ಇದೂ ಮುಗಿಯಿತು. ವಾಸ್ತವದಲ್ಲಿ ಇದು ಊರಿನ ಪರವಾನಗಿಯ ವಿವರಗಳನ್ನು ಹಲವು ಭಾಷೆಗಳಲ್ಲಿ ತಿಳಿಸುವ ಪತ್ರವೇ ಹೊರತು ಸ್ವತಂತ್ರ ಪರವಾನಗಿಯಲ್ಲ. ಮೂಲ ಪರವಾನಗಿ ಜೊತೆಯಲ್ಲಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ‘ಒಂದು ವರ್ಷ’ ಎಂದು ಅದರಲ್ಲಿ ಬರೆದಿದೆಯೆಂಬ ಮಾತ್ರಕ್ಕೆ, ಹೋದ ದೇಶದಲ್ಲಿ ನೆಲೆಸಿದವರು ಒಂದು ವರ್ಷ ವಾಹನ ನಡೆಸಬಹುದೆಂದು ಅರ್ಥವಲ್ಲ.

ಕಾಸರಗೋಡಿನ ಮನೆಮನೆಗೂ ಪರಿಚಿತವಾದ ಕೊಲ್ಲಿ ನಾಡನ್ನೇ ನೋಡಬಹುದು. ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಪ್ರವಾಸಿಯಾಗಿ ಹೋದ ಭಾರತೀಯರು ಊರಿನ ಪರವಾನಗಿ ಮತ್ತು ಅನುಮತಿಪತ್ರಗಳೊಂದಿಗೆ ಬಾಡಿಗೆ ಕಾರನ್ನು ನಡೆಸಬಹುದು. ಅದೇ ವ್ಯಕ್ತಿಗೆ ಉದ್ಯೋಗ ದೊರೆತು ನಿವಾಸ ವೀಸಾ ಕೈಸೇರಿದ ಮೇಲೆ ಆ ಸೌಲಭ್ಯ ಉಳಿಯದು. ಕೆಲವು ದೇಶಗಳ ಪರವಾನಗಿಗಳನ್ನು ಅಲ್ಲಿ ಪರೀಕ್ಷೆಯಿಲ್ಲದೆ ಸ್ಥಳೀಯ ಪರವಾನಗಿಯಾಗಿ ಬದಲಾಯಿಸಿಕೊಡುತ್ತಾರೆ; ಭಾರತ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಚಾಲನಾ ಶಾಲೆಗೆ ಸೇರಿ ಲಿಖಿತ ಪರೀಕ್ಷೆ, ನಿಲುಗಡೆಯ ಪರೀಕ್ಷೆ, ರಸ್ತೆ ಪರೀಕ್ಷೆಗಳನ್ನು ದಾಟಬೇಕು. ದುಬೈಯಲ್ಲಿ ಊರಿನ ಪರವಾನಗಿ ಹಳೆಯದಾದಷ್ಟೂ ಕಡ್ಡಾಯ ತರಗತಿಗಳ ಗಂಟೆ ಕಡಿಮೆಯಾಗುತ್ತದೆ. ಲಿಖಿತ ಪರೀಕ್ಷೆಯನ್ನು ಹಿಂದಿ, ಉರ್ದು, ಮಲಯಾಳಂಗಳಲ್ಲೂ ಬರೆಯಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಎಂದು ಬೆಳೆದ ಮಕ್ಕಳಿಗೆ ಈ ಬಹುಭಾಷೆಯ ಬದುಕು ನೆರವಾಗುವ ಸ್ಥಳಗಳಲ್ಲಿ ಇದೂ ಒಂದು.

ಉನ್ನತ ವ್ಯಾಸಂಗಕ್ಕೋ ತಾಂತ್ರಿಕ ಉದ್ಯೋಗಕ್ಕೋ ಅಮೆರಿಕಕ್ಕೆ ಹೋದವರ ಕಥೆ ಇನ್ನೂ ತೊಡಕಿನದು. ಅಲ್ಲಿ ಚಾಲನಾ ಪರವಾನಗಿಯನ್ನು ನೀಡುವುದು ಆಯಾ ರಾಜ್ಯ. ನಿಯಮವೂ ಆಯಾ ರಾಜ್ಯದ್ದೇ. ಟೆಕ್ಸಾಸ್‌ನಲ್ಲಿ ನೆಲೆಸಲು ಬಂದವರಿಗೆ ಹಳೆಯ ಪರವಾನಗಿಯ ಮೇಲೆ 90 ದಿನಗಳ ಅವಕಾಶವುಂಟು. ನ್ಯೂಯಾರ್ಕ್‌ನಲ್ಲಿ ನಿವಾಸಿಯಾದ 30 ದಿನಗಳೊಳಗೆ ಅಲ್ಲಿನ ಪರವಾನಗಿ ಪಡೆಯಬೇಕು. ಕ್ಯಾಲಿಫೋರ್ನಿಯಾ ಕೊಡುವುದು ಕೇವಲ 10 ದಿನ. ಟೆಕ್ಸಾಸ್‌ನಲ್ಲಿ ಎರಡು ತಿಂಗಳು ಊರಿನ ಪರವಾನಗಿಯಲ್ಲೇ ನಿಶ್ಚಿಂತೆಯಿಂದ ವಾಹನ ನಡೆಸಿದ ತರುಣನೊಬ್ಬನಿಗೆ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಯಿತೆನ್ನೋಣ. ಉಳಿದ ಒಂದು ತಿಂಗಳು ಅವನ ಹಿಂದೆ ಬರುವುದಿಲ್ಲ. ಹೊಸ ರಾಜ್ಯದಲ್ಲಿ ಮನೆ ಹಿಡಿದು ನೆಲೆಸಿದಾಗ ಆ ರಾಜ್ಯದ ಗಡುವು ಹೊಸದಾಗಿ ಆರಂಭವಾಗುತ್ತದೆ. ಟೆಕ್ಸಾಸ್‌ನ ಪರವಾನಗಿಯನ್ನು ಮೊದಲೇ ಪಡೆದಿದ್ದರೆ ರಸ್ತೆ ಪರೀಕ್ಷೆಯಿಂದ ಸಾಮಾನ್ಯವಾಗಿ ವಿನಾಯಿತಿ ಸಿಗುತ್ತಿತ್ತು; ಭಾರತದ ಪರವಾನಗಿ ಮಾತ್ರ ಇರುವವನು ಲಿಖಿತ ಪರೀಕ್ಷೆಯನ್ನೂ ರಸ್ತೆ ಪರೀಕ್ಷೆಯನ್ನೂ ಎದುರಿಸಲೇಬೇಕು. ಬ್ರಿಟನ್ ಈ ವಿಷಯದಲ್ಲಿ ಉದಾರಿ: ನಿವಾಸಿಯಾದ ದಿನದಿಂದ 12 ತಿಂಗಳು. ಜರ್ಮನಿಯಲ್ಲಿ 6 ತಿಂಗಳು.

ಈ ಪರೀಕ್ಷೆಗಳನ್ನು ಬರಿಯ ಕಿರುಕುಳವೆಂದು ತಿಳಿಯುವುದು ಸರಿಯಲ್ಲ. ನಮ್ಮಲ್ಲಿ ವಾಹನ ರಸ್ತೆಯ ಎಡಬದಿಯಲ್ಲಿ ಸಾಗುತ್ತದೆ. ದುಬೈ, ಅಮೆರಿಕಗಳಲ್ಲಿ ಬಲಬದಿಯಲ್ಲಿ. ವರ್ಷಗಳಿಂದ ಕೈಗೆ, ಕಣ್ಣಿಗೆ ರೂಢಿಯಾದದ್ದು ತಿರುವಿನಲ್ಲಿ ಕ್ಷಣಮಾತ್ರ ಮೇಲುಗೈ ಪಡೆದರೂ ಸಾಕು, ಎದುರಿನಿಂದ ಬರುವ ವಾಹನದ ಮುಂದೆ ನಿಲ್ಲಬೇಕಾದೀತು. ಅಮೆರಿಕದಲ್ಲಿ ಹಳದಿ ಬಣ್ಣದ ಶಾಲಾ ಬಸ್ ಮಕ್ಕಳನ್ನು ಇಳಿಸಲು ನಿಂತು ಕೆಂಪು ದೀಪ ಮಿನುಗಿಸಿದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಹಿಂದಿನ ವಾಹನಗಳಷ್ಟೇ ಅಲ್ಲ, ಎದುರಿನಿಂದ ಬರುವವೂ ನಿಲ್ಲಬೇಕು. ಊರಿನಲ್ಲಿ ಕಾಣದ ಈ ಶಿಸ್ತನ್ನು ಕಲಿಯದೆ ಅಲ್ಲಿನ ರಸ್ತೆಗಿಳಿಯುವುದು ಇನ್ನೊಬ್ಬರ ಮಗುವಿನ ಪ್ರಾಣದ ಪ್ರಶ್ನೆ.

ಗಡುವು ಮೀರಿದವನು ಅಪಘಾತಕ್ಕೆ ಸಿಕ್ಕಿದರೆ ತೊಂದರೆ ದಂಡದಲ್ಲಿ ಮುಗಿಯುವುದಿಲ್ಲ. ಪರವಾನಗಿ ಸಿಂಧುವಲ್ಲವೆಂದು ವಿಮಾ ಸಂಸ್ಥೆ ಹಿಂದೆ ಸರಿದರೆ ಪರಿಹಾರದ ಹೊರೆ ಅವನ ಮೇಲೆಯೇ ಬೀಳಬಹುದು. ವಿದ್ಯಾಭ್ಯಾಸಕ್ಕೆಂದು ತೋಟವನ್ನು ಅಡವಿಟ್ಟು ಸಾಲ ಮಾಡಿದ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ.

ಮರಳಿ ಬರುವ ದಾರಿಯಲ್ಲೂ ಇದೇ ಎಚ್ಚರ ಬೇಕು. ಹಲವು ವರ್ಷ ಕೊಲ್ಲಿಯಲ್ಲಿ ದುಡಿದು ರಜೆಗೆ ಬಂದವರು ಊರಿನ ಪರವಾನಗಿಯ ಅವಧಿ ಮುಗಿದದ್ದನ್ನು ಗಮನಿಸದೆ ವಾಹನ ಹತ್ತುವುದುಂಟು. ಸಿಂಧು ಪರವಾನಗಿಯಿಲ್ಲದೆ ವಾಹನ ನಡೆಸಿದರೆ 5000 ರೂಪಾಯಿ ದಂಡ. ಅಪಘಾತವಾದರಂತೂ, ಗಾಯಾಳುವಿಗೆ ವಿಮಾ ಸಂಸ್ಥೆ ಮೊದಲು ಪರಿಹಾರ ಕೊಟ್ಟು ಆ ಮೊತ್ತವನ್ನು ವಾಹನದ ಒಡೆಯನಿಂದ ವಸೂಲು ಮಾಡಲು ನ್ಯಾಯಾಲಯ ಅನುಮತಿಸಬಹುದು. 2019ರ ತಿದ್ದುಪಡಿಯ ಪ್ರಕಾರ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ. ಸಮಾಧಾನದ ಸಂಗತಿಯೂ ಒಂದಿದೆ: ವಿದೇಶದ ಅಧಿಕೃತ ಪರವಾನಗಿ ಉಳ್ಳವರು ಇಲ್ಲಿ ಹೊಸದಾಗಿ ಅದೇ ವರ್ಗದ ವಾಹನದ ಪರವಾನಗಿ ಬೇಡಿದರೆ, ವೈದ್ಯಕೀಯ ನಿಬಂಧನೆಗೆ ಒಳಪಟ್ಟು ಚಾಲನಾ ಪರೀಕ್ಷೆಯಿಂದ ವಿನಾಯಿತಿ ಪಡೆಯಲು ಕಾಯ್ದೆಯ 9ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅನುಮತಿಪತ್ರದ ಅವಧಿ ವಿದೇಶದಲ್ಲಿರುವಾಗಲೇ ಮುಗಿದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆ 2021ರಿಂದ ಇದೆ.

ಕನ್ನಡ ಶಾಲೆಗಳ ಮನೆಯವರು ಗಮನಿಸಬೇಕಾದ ಇನ್ನೊಂದು ವಿಷಯ ಹೆಸರು. ಶಾಲೆಯ ದಾಖಲೆಯಲ್ಲಿ ಇನಿಶಿಯಲ್‌ನೊಡನೆ ಬರೆದ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿಕೊಂಡು ಉದ್ದವಾಗಿರುತ್ತದೆ. ಪರವಾನಗಿಯಲ್ಲಿ ಅಕ್ಷರ ಜೋಡಣೆ ಮತ್ತೊಂದು ಬಗೆ. ಊರಿನಲ್ಲಿ ಎಲ್ಲರೂ ಬಲ್ಲ ಆ ಒಬ್ಬನೇ ಹುಡುಗ ಪರದೇಶದ ಕಚೇರಿಯ ಕಿಟಕಿಯಲ್ಲಿ ಮೂವರಾಗಿ ಕಾಣುತ್ತಾನೆ. ಮೊದಲ ಪರವಾನಗಿಗೆ ಅರ್ಜಿ ಹಾಕುವ ದಿನವೇ ಇವನ್ನು ಹೊಂದಿಸಿಕೊಳ್ಳುವುದು ಸುಲಭ. ವಿದೇಶದಿಂದ ತಿದ್ದಿಸುವುದು ಕಷ್ಟ.

ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಮೊದಲು ಹೋದವರ ಬಾಯಿಮಾತಿಗಿಂತ ಆಯಾ ದೇಶದ, ಆಯಾ ರಾಜ್ಯದ ಸಾರಿಗೆ ಇಲಾಖೆಯ ಅಧಿಕೃತ ಜಾಲತಾಣವನ್ನು ನೋಡುವುದೇ ಲೇಸು. ಮಗನೋ ಮಗಳೋ ಹೊರಡುವ ಹಿಂದಿನ ವಾರ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳನ್ನು ಪೆಟ್ಟಿಗೆಗೆ ತುಂಬುವ ಗಡಿಬಿಡಿ ಇದ್ದೇ ಇರುತ್ತದೆ. ಆ ಗಡಿಬಿಡಿಯ ನಡುವೆ ಹಿರಿಯರು ಪರವಾನಗಿಯನ್ನು ಒಮ್ಮೆ ಕೈಗೆತ್ತಿಕೊಂಡು, ಅದರ ಕೊನೆಯ ದಿನಾಂಕವನ್ನೂ ಅದರಲ್ಲಿನ ಹೆಸರನ್ನೂ ಪಾಸ್‌ಪೋರ್ಟಿನೊಡನೆ ಹೋಲಿಸಿ ನೋಡಿದರೆ, ದೂರದ ರಸ್ತೆಯಲ್ಲಿ ಒದಗಬಹುದಾದ ದೊಡ್ಡ ಸಂಕಟವೊಂದನ್ನು ಮನೆಯಂಗಳದಲ್ಲೇ ತಪ್ಪಿಸಿದಂತಾದೀತು.