ಸಯನ್: ಟ್ರಯಥ್ಲಾನ್ ಸೈಕಲಿಗರ ಮೊಣಕಾಲಿಗೆ ಐದು ಮಿಲಿಮೀಟರ್‌ನ ಲೆಕ್ಕ

ಮುಂಬಯಿ: ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟವೆಂದರೆ ಹಗ್ಗಜಗ್ಗಾಟ, ವಾಲಿಬಾಲ್, ಕ್ರಿಕೆಟ್ ಎಂದೇ ತಿಳಿದಿದ್ದ ತುಳು-ಕನ್ನಡಿಗರಿಗೆ ಟ್ರಯಥ್ಲಾನ್ ಇಂದು ಅಪರಿಚಿತ ಹೆಸರೇನಲ್ಲ. ಈಜು, ಸೈಕಲ್, ಓಟ ಮೂರನ್ನೂ ನಡುವೆ ವಿಶ್ರಾಂತಿ ಇಲ್ಲದೆ ಮುಗಿಸಬೇಕಾದ ಸ್ಪರ್ಧೆ ಇದು. ನೆರೆಯ ಗೋವಾದಲ್ಲಿ 2019ರಲ್ಲಿ ಆರಂಭಗೊಂಡ ಐರನ್‌ಮ್ಯಾನ್ 70.3 ಸ್ಪರ್ಧೆಯಲ್ಲಿ 1.9 ಕಿ.ಮೀ. ಕಡಲ ಈಜು, 90 ಕಿ.ಮೀ. ಸೈಕಲ್ ಹಾಗೂ 21.1 ಕಿ.ಮೀ. ಓಟ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು ಪೂರೈಸಿದ ಬಳಿಕ ಕನ್ನಡಿಗರಲ್ಲಿ ಇದರ ಮಾತು ಇನ್ನಷ್ಟು ಕೇಳಿಬಂತು.

ಈ 90 ಕಿ.ಮೀ. ಎಂದರೆ ಎಷ್ಟು ಎಂಬುದು ಸಯನ್ ಪರಿಸರದವರಿಗೆ ಸುಲಭವಾಗಿ ಅರ್ಥವಾದೀತು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಆರಂಭವಾಗುವುದು ಇಲ್ಲಿಂದಲೇ. ಥಾಣೆಗೆ ಸುಮಾರು 23 ಕಿ.ಮೀ. ಅಲ್ಲಿಗೆ ಎರಡು ಬಾರಿ ಹೋಗಿ ಬಂದರೆ ಸೈಕಲ್ ಭಾಗ ಮುಗಿಯಿತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮೂರು ತಾಸು. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಪ್ರತಿ ಮೊಣಕಾಲು ಮಡಚಿ ಬಿಡಿಸುವುದು 16,200 ಬಾರಿ! ಆ ಮೇಲೆ ಅದೇ ಕಾಲುಗಳಲ್ಲಿ ಅರ್ಧ ಮ್ಯಾರಥಾನ್ ಓಡಬೇಕು. ನಲ್ವತ್ತು ದಾಟಿದ ಉದ್ಯೋಗಸ್ಥರೂ ಗೃಹಿಣಿಯರೂ ಈ ಕ್ರೀಡೆಗೆ ಇಳಿಯುವಾಗ ಪಣಕ್ಕಿಡುವುದು ಮೊಣಕಾಲನ್ನೇ ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ. ಮೊದಲನೆಯದು ಕ್ರ್ಯಾಂಕ್, ಅಂದರೆ ಪೆಡಲನ್ನು ಹೊತ್ತ ದಂಡದ ಉದ್ದ. ಎರಡನೆಯದು ಕೇಡೆನ್ಸ್, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೇವೆ ಎಂಬುದು. ರೇಸಿಂಗ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ 165ರಿಂದ 175 ಮಿ.ಮೀ. ಉದ್ದದ ಕ್ರ್ಯಾಂಕ್ ಇರುತ್ತದೆ. ದಂಡದ ಒಳಬದಿಯಲ್ಲಿ, ಪೆಡಲ್ ಸಮೀಪ ಈ ಅಂಕೆಯನ್ನು ಕೆತ್ತಿರುತ್ತಾರೆ. ಲಕ್ಷ ರೂಪಾಯಿ ತೆತ್ತು ಸೈಕಲ್ ಕೊಂಡವರಲ್ಲೂ ಇದನ್ನು ಓದಿದವರು ಕಡಿಮೆ.

ಉದ್ದದ ದಂಡಕ್ಕೆ ಬಲ ಹೆಚ್ಚು ಎಂಬ ನಂಬಿಕೆ ಹಳೆಯದು. ಬಾವಿಯ ರಾಟೆ, ಗಾಣ ಕಂಡವರಿಗೆ ಅದು ಸಹಜವೂ ಹೌದು. ಆದರೆ ಅಮೆರಿಕದ ವಿಜ್ಞಾನಿಗಳಾದ ಜಿಮ್ ಮಾರ್ಟಿನ್ ಮತ್ತು ವನೀನ್ ಸ್ಪಿರ್ಡ್ಯೂಸೊ 2001ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. 16 ಮಂದಿ ಸೈಕಲಿಗರಿಗೆ 120ರಿಂದ 220 ಮಿ.ಮೀ. ತನಕದ ಐದು ಕ್ರ್ಯಾಂಕ್ ಕೊಟ್ಟು ಪರೀಕ್ಷಿಸಿದಾಗ ಗರಿಷ್ಠ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಶೇ. 4ರಷ್ಟು ಮಾತ್ರ. ಹೀಗಿರುವಾಗ 170ಕ್ಕೂ 165ಕ್ಕೂ ಶಕ್ತಿಯ ಅಂತರ ಹುಡುಕುವುದು ವ್ಯರ್ಥ. 2024ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಸ್ಲೊವೇನಿಯಾದ ತಾದೆ ಪೊಗಾಚಾರ್ ಮೊದಲು 172.5 ಬಳಸುತ್ತಿದ್ದವರು, ಆ ವರ್ಷ 165ಕ್ಕೆ ಇಳಿದಿದ್ದರು ಎಂಬುದು ಉಲ್ಲೇಖನೀಯ.

ಹಾಗಾದರೆ ಗಿಡ್ಡ ಕ್ರ್ಯಾಂಕ್‌ನ ಲಾಭವೇನು? ಟ್ರಯಥ್ಲಾನ್ ಸೈಕಲಿಗರು ಗಾಳಿ ತಪ್ಪಿಸಲು ಮುಂದಕ್ಕೆ ಬಾಗಿ ಕೂರುತ್ತಾರೆ. ಪೆಡಲ್ ಮೇಲಕ್ಕೆ ಬಂದಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ಮೊಣಕಾಲು ಅತಿಯಾಗಿ ಮಡಚುತ್ತದೆ. ಕ್ರ್ಯಾಂಕ್ 5 ಮಿ.ಮೀ. ಗಿಡ್ಡವಾದರೆ ಪೆಡಲ್ ಕೆಳತುದಿಯಲ್ಲಿ 5 ಮಿ.ಮೀ. ಮೇಲೆ ಉಳಿಯುವುದರಿಂದ ಸೀಟನ್ನೂ ಅಷ್ಟೇ ಏರಿಸಬೇಕು. ಆಗ ಮೇಲ್ತುದಿಯಲ್ಲಿ ತೊಡೆಗೂ ಹೊಟ್ಟೆಗೂ ನಡುವೆ ಒಟ್ಟು 10 ಮಿ.ಮೀ. ಜಾಗ ಸಿಗುತ್ತದೆ. ಎತ್ತರ ಕಡಿಮೆ ಇರುವವರಿಗೆ, ವಿಶೇಷವಾಗಿ ಮಹಿಳೆಯರಿಗೆ, ಇದು ಸಣ್ಣ ಮಾತಲ್ಲ.

ಆದರೆ ಕ್ರ್ಯಾಂಕ್ ಬದಲಾವಣೆಗೆ ಸಾವಿರಾರು ರೂಪಾಯಿ ಬೇಕು, ಕೇಡೆನ್ಸ್ ಬದಲಿಸಲು ಗೇರ್ ಒತ್ತಿದರೆ ಸಾಕು. ಆದ್ದರಿಂದ ಮೊದಲು ಅದನ್ನೇ ಪರೀಕ್ಷಿಸುವುದು ಜಾಣತನ. ಅಷ್ಟೇ ಶಕ್ತಿಗೆ 90ರ ಬದಲು 60 ಸುತ್ತು ತುಳಿದರೆ ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಒತ್ತಡ ಬೇಕು. ಮುಂಜಾನೆ ಸಯನ್, ಧಾರಾವಿ ಬೀದಿಗಳಲ್ಲಿ ಭೋಂಪು ಒತ್ತುತ್ತಾ ಸಾಗುವ ಇಡ್ಲಿ ಮಾರುವವರದ್ದು ನಿಧಾನ ತುಳಿತ. ಅವರು ಮನೆಮನೆಗೂ ನಿಲ್ಲುತ್ತಾರೆ, ಮೂರು ತಾಸು ಒಂದೇ ಸಮನೆ ತುಳಿಯುವುದಿಲ್ಲ.

ಪರೀಕ್ಷೆಗೆ ಹೈವೇ ಸೂಕ್ತವಲ್ಲ. ಲಾರಿ, ಬಸ್ಸುಗಳ ನಡುವೆ ಕೈಗಡಿಯಾರ ನೋಡುತ್ತಾ ತುಳಿಯುವುದು ಅಪಾಯ. ಮನೆಯಲ್ಲೇ ಹಿಂಬದಿ ಚಕ್ರವನ್ನು ರೋಲರ್‌ಗೆ ಒತ್ತಿ ನಿಲ್ಲಿಸುವ ಟ್ರೇನರ್ ಒಳ್ಳೆಯದು (ಕೆಳಗಿನ ಮಾಳಿಗೆಯವರು ದೂರು ಕೊಡದಂತೆ ದಪ್ಪ ಚಾಪೆ ಹಾಸುವುದು ಕ್ಷೇಮ!). ಚಕ್ರದ ವೇಗ ಒಂದೇ ಇಟ್ಟರೆ ಖರ್ಚಾಗುವ ಶಕ್ತಿಯೂ ಹೆಚ್ಚು ಕಡಿಮೆ ಒಂದೇ, ದುಬಾರಿ ಪವರ್ ಮೀಟರ್ ಬೇಕಿಲ್ಲ. ವೇಗ ಬದಲಿಸದೆ ಗೇರ್ ಮಾತ್ರ ಬದಲಿಸಿ 70, 80, 90 ಸುತ್ತಿನಲ್ಲಿ ತಲಾ ಹತ್ತು ನಿಮಿಷ ತುಳಿದು ಹೃದಯ ಬಡಿತ ಬರೆದಿಡಬೇಕು. ಮುಂದಿನ ವಾರ ಕ್ರಮವನ್ನು ತಿರುವು ಮಾಡಬೇಕು. ಇಲ್ಲವಾದರೆ ಕೊನೆಯ ಸರದಿಯ ದಣಿವನ್ನೇ ಕೇಡೆನ್ಸ್‌ನ ದೋಷವೆಂದು ತಿಳಿಯುವ ಸಂಭವವಿದೆ.

ಬೇಗ ತುಳಿದಾಗ ಬಡಿತ ತುಸು ಏರುವುದು ಸಾಮಾನ್ಯ. ಅದನ್ನೇ ಕಂಡು 70 ಉತ್ತಮವೆಂದು ತೀರ್ಮಾನಿಸಿದರೆ ಮೋಸ ಹೋದಂತೆ. ಟ್ರಯಥ್ಲಾನ್‌ನಲ್ಲಿ ತೀರ್ಪು ಕೊಡುವುದು ಸೈಕಲ್ ಇಳಿದ ನಂತರದ ಓಟ. ಹೀಗಾಗಿ ಬೇರೆ ಬೇರೆ ದಿನ ಒಂದೊಂದು ಕೇಡೆನ್ಸ್‌ನಲ್ಲಿ ಒಂದು ತಾಸು ತುಳಿದು, ತಕ್ಷಣ 15 ನಿಮಿಷ ಓಡಿ, ಎಷ್ಟು ದೂರ ಸಾಗಿತು, ಮೊಣಕಾಲು ಹೇಗಿದೆ ಎಂದು ನೋಡಬೇಕು.

ಇಷ್ಟಾದ ಮೇಲೂ ಬಾಗಿ ಕುಳಿತಾಗ ಸೊಂಟ ಹಿಡಿದಂತಾದರೆ, ಮೊಣಚಿಪ್ಪಿನ ಮುಂಭಾಗ ನೋಯುತ್ತಿದ್ದರೆ ಗಿಡ್ಡ ಕ್ರ್ಯಾಂಕ್ ಯೋಚಿಸಬಹುದು. 175ರಲ್ಲಿ 85 ಸುತ್ತು ತುಳಿಯುವವರ ಪಾದದ ವೇಗ 165ರಲ್ಲಿ 90 ಸುತ್ತಿಗೆ ಸಮ. ಗೇರ್ ಒಂದು ಹಲ್ಲು ಹಗುರ ಮಾಡಿಕೊಂಡರೆ ಆಯಿತು. ದೇಹ ಒಗ್ಗಲು ಎರಡು ಮೂರು ವಾರ ಬೇಕು. ಸ್ಪರ್ಧೆಯ ಹಿಂದಿನ ವಾರ ಇಂತಹ ಬದಲಾವಣೆಗೆ ಕೈಹಾಕಬಾರದು. ನೋವು ಬಿಡದಿದ್ದರೆ ಸೈಕಲ್ ಅಂಗಡಿಗಿಂತ ಮೊದಲು ಮೂಳೆ ವೈದ್ಯರ ಬಳಿ ಹೋಗಬೇಕು.