ಕಾರವಾರ ರೋಡಿನ ಕೊನೆಯ ಧಕ್ಕೆ

ಬೇಸಿಗೆಯಲ್ಲಿ ಹುಬ್ಬಳ್ಳಿಯ ಕಮರಿಪೇಟೆಯ ಓಣಿಗಳಲ್ಲಿ ರಸ್ತೆ ಕೆಲಸ ಶುರುವಾದರೆ ಮೊದಲು ಗೊತ್ತಾಗುವುದು ಮೂಗಿಗೆ. ಕಾಯಿಸಿದ ಡಾಂಬರಿನ ಘಾಟು ಮನೆಯೊಳಗೆ ನುಗ್ಗುತ್ತದೆ, ಹುಡುಗರು ರೋಲರಿನ ಹಿಂದೆ ಓಡುತ್ತಾರೆ, ಹಿರಿಯರು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಆ ಕರಿ ಪಾಕ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಉತ್ತರ ಕರ್ನಾಟಕದ ರಸ್ತೆಗಳಿಗೆ ಬೀಳುವ ಡಾಂಬರಿನಲ್ಲಿ ಒಂದು ಪಾಲು ಕೊಲ್ಲಿ ದೇಶಗಳ ಕಡೆಯಿಂದ ಅರಬ್ಬಿ ಸಮುದ್ರ ದಾಟಿ ಬಂದದ್ದು. ಅದು ಇಳಿಯುವ ಜಾಗ ಕಾರವಾರದ ಬೈತಖೋಲ. ಅಲ್ಲಿಂದ ಟ್ಯಾಂಕರ್ ಲಾರಿಗಳಲ್ಲಿ ಅರಬೈಲ ಘಟ್ಟ ಹತ್ತಿ, ಯಲ್ಲಾಪುರ, ಕಿರವತ್ತಿ, ಕಲಘಟಗಿ, ಅಂಚಟಗೇರಿ ದಾಟಿ ಅದು ಬಯಲುಸೀಮೆ ಸೇರುತ್ತದೆ. ಹುಬ್ಬಳ್ಳಿಯವರ ಬಾಯಲ್ಲಿ ಈ ದಾರಿಗೆ ಮೊದಲಿಂದಲೂ ಒಂದೇ ಹೆಸರು, ಕಾರವಾರ ರೋಡ್. ಬಂದರಿಗೆ ಹೋಗುವ ದಾರಿಯೆಂಬ ಅರ್ಥ ಆ ಹೆಸರಿನೊಳಗೇ ಕೂತಿದೆ.

ಬೈತಖೋಲ ಕಾರವಾರ ಪೇಟೆಯ ದಕ್ಷಿಣಕ್ಕೆ ಗುಡ್ಡದ ಕಾಲಬುಡದಲ್ಲಿರುವ ಊರು. ಒಂದು ಬದಿಗೆ ವಾಣಿಜ್ಯ ಬಂದರು, ಅದಕ್ಕೆ ಹೆಗಲು ತಾಗಿಸಿಕೊಂಡು ಮೀನುಗಾರಿಕೆ ಬಂದರು. ಬೆಳಗಿನ ಹೊತ್ತು ಹೋದರೆ ಬಾಂಗಡೆ, ತಾರ್ಲೆಗಳ ಬುಟ್ಟಿಗಳ ಸದ್ದು. ಪಕ್ಕದ ಧಕ್ಕೆಯಲ್ಲಿ ನೂರಾರು ಅಡಿ ಉದ್ದದ ಹಡಗು ಸದ್ದಿಲ್ಲದೆ ನಿಂತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬುಟ್ಟಿಗಳ ಬದಿ ಮೌನ.

ವಾಣಿಜ್ಯ ಬಂದರು ರಾಜ್ಯ ಸರ್ಕಾರದ್ದು. ಕರ್ನಾಟಕದ ಕಿರು ಬಂದರುಗಳಲ್ಲಿ ಇದೇ ದೊಡ್ಡದು. ದೊಡ್ಡದೆಂದರೆ ಎಷ್ಟು? ಹಡಗು ಕಟ್ಟುವ ಎರಡು ಧಕ್ಕೆಗಳ ಒಟ್ಟು ಉದ್ದ 355 ಮೀಟರ್. ನೀರಿನೊಳಗೆ ಸುಮಾರು ಎಂಟೂವರೆ ಮೀಟರ್ ಮುಳುಗುವ ಹಡಗು ಇಲ್ಲಿಗೆ ಬರಬಹುದು, ಅದಕ್ಕಿಂತ ಹೊಟ್ಟೆ ದೊಡ್ಡದಾದದ್ದು ಬರುವಂತಿಲ್ಲ. ನವಮಂಗಳೂರಿನ ಎದುರು ಇಟ್ಟರೆ ಚಿಕ್ಕ ಲೆಕ್ಕ. ಆದರೆ ಕಾರವಾರಕ್ಕೆ ಒಂದು ದೊಡ್ಡ ಭಾಗ್ಯವಿದೆ: ಮಳೆಗಾಲದಲ್ಲೂ ಹಡಗು ನಿಲ್ಲಬಲ್ಲ ಜಾಗ ಇದು. ನೈರುತ್ಯದಿಂದ ಬೀಸುವ ಗಾಳಿಯನ್ನು ಸಮುದ್ರಕ್ಕೆ ಮೂಗು ಚಾಚಿದ ಗುಡ್ಡ ತಡೆಯುತ್ತದೆ. ಹೊರಗೆ ದೇವಗಡ, ಕೂರ್ಮಗಡ, ಅಂಜುದೀವ್ ಮೊದಲಾದ ದ್ವೀಪಗಳ ಕಾವಲು. ದೇವಗಡದ ಮೇಲೆ ದೀಪಸ್ತಂಭ. ಪುಷ್ಯ ಹುಣ್ಣಿಮೆಯ ಹೊತ್ತಿಗೆ ಕೂರ್ಮಗಡದ ನರಸಿಂಹನ ಜಾತ್ರೆಗೆ ಜನ ದೋಣಿಗಳಲ್ಲೇ ಹೋಗಿಬರುತ್ತಾರೆ.

ಹಡಗೊಂದು ಬಂದಾಗ ಇಲ್ಲಿ ನಡೆಯುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಅದು ನೇರ ಧಕ್ಕೆಗೆ ಬಂದು ತಾಗುವುದಿಲ್ಲ. ಹೊರಗೆ ಲಂಗರು ಹಾಕಿ ಕಾಯುತ್ತದೆ. ಹಡಗಿನ ಸ್ಥಳೀಯ ಏಜೆಂಟರು ಬಂದರು ಅಧಿಕಾರಿಗೆ, ಕಸ್ಟಮ್ಸಿಗೆ, ವಲಸೆ ಮತ್ತು ಆರೋಗ್ಯ ಇಲಾಖೆಯವರಿಗೆ ಕಾಗದಪತ್ರ ಮುಟ್ಟಿಸುತ್ತಾರೆ. ಆಮೇಲೆ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ, ಹಡಗಿನ ಪಕ್ಕೆಗೆ ಇಳಿಬಿಟ್ಟ ಹಗ್ಗದ ಏಣಿ ಹಿಡಿದು ಮೇಲೇರುತ್ತಾನೆ. ಹೊರದೇಶದ ಕ್ಯಾಪ್ಟನ್‌ ಎಷ್ಟೇ ಅನುಭವಿಯಾಗಿರಲಿ, ಈ ಕೊಲ್ಲಿಯ ನೀರು ಎಲ್ಲಿ ಆಳ, ಎಲ್ಲಿ ಹೂಳು, ಉಬ್ಬರದ ಎಷ್ಟು ಹೊತ್ತಿಗೆ ಹೊರಳಿಸಬೇಕು ಎಂಬುದು ಇಲ್ಲಿಯವರಿಗೇ ಗೊತ್ತು. ಟಗ್ ದೋಣಿಗಳು ಎಳೆದು, ಒತ್ತಿ, ಹಡಗನ್ನು ಇಂಚಿಂಚಾಗಿ ಧಕ್ಕೆಗೆ ಸೇರಿಸುತ್ತವೆ. ತೋಳಿನಷ್ಟು ದಪ್ಪದ ಹಗ್ಗಗಳು ಕಬ್ಬಿಣದ ಗೂಟಗಳಿಗೆ ಬೀಳುತ್ತವೆ.

ಡಾಂಬರು ಇಳಿಸುವ ಕೆಲಸ ಎಲ್ಲಕ್ಕಿಂತ ನಾಜೂಕು. ತಣ್ಣಗಾದರೆ ಅದು ಕಲ್ಲಿನಂತೆ ಕೂತುಬಿಡುತ್ತದೆ. ಹಾಗಾಗಿ ಹಡಗಿನ ತೊಟ್ಟಿಗಳೊಳಗೆ ಕಾಯಿಸಿದ ಎಣ್ಣೆ ಹರಿಯುವ ಸುರುಳಿ ಕೊಳವೆಗಳಿರುತ್ತವೆ. ಪ್ರಯಾಣದುದ್ದಕ್ಕೂ ಸರಕು 150 ಡಿಗ್ರಿಯ ಆಸುಪಾಸಿನಲ್ಲೇ ಕುದಿಕುದಿ ಇರಬೇಕು. ಧಕ್ಕೆಯಿಂದ ಬಂದರಿನ ಬದಿಯ ದೊಡ್ಡ ಟ್ಯಾಂಕುಗಳವರೆಗೆ ಹೋಗುವ ಕೊಳವೆಗೂ ಶಾಖ ಹೊರಹೋಗದಂತೆ ಹೊದಿಕೆ, ಟ್ಯಾಂಕಿಗೂ ಕಾವು, ಅಲ್ಲಿಂದ ತುಂಬಿಕೊಳ್ಳುವ ಲಾರಿಗೂ ಹೊದಿಕೆ. ಕಡಲಿನಿಂದ ರಸ್ತೆಯ ತನಕ ಒಂದು ಬಿಸಿ ಸರಪಳಿ, ಎಲ್ಲಿಯೂ ಕಡಿಯಬಾರದು. ಕಾಕಂಬಿ ಮತ್ತು ಉರುವಲು ಎಣ್ಣೆಯಂಥ ದ್ರವ ಸರಕುಗಳಿಗೂ ಇಲ್ಲಿ ಟ್ಯಾಂಕುಗಳಿವೆ.

ಅದಿರು, ಕಲ್ಲು ಮುಂತಾದ ಗಟ್ಟಿ ಸರಕಿಗೆ ತೂಕದ ವಿಧಾನವೇ ಬೇರೆ. ಸಾವಿರಾರು ಟನ್ನನ್ನು ಯಾವ ತಕ್ಕಡಿಯಲ್ಲಿ ಹಾಕುವುದು? ಹಡಗೇ ತಕ್ಕಡಿಯಾಗುತ್ತದೆ. ಅದರ ಹೊರಮೈಮೇಲೆ ಬರೆದ ಅಂಕಿಗಳಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ತುಂಬುವ ಮೊದಲೊಮ್ಮೆ, ತುಂಬಿದ ಮೇಲೊಮ್ಮೆ ಓದಿ, ನೀರಿನ ಸಾಂದ್ರತೆಯನ್ನು ಹಿಡಿದು ಲೆಕ್ಕ ಕಟ್ಟಿದರೆ ಸರಕಿನ ತೂಕ ಸಿಗುತ್ತದೆ. ಆರ್ಕಿಮಿಡೀಸನ ನಿಯಮ ಕಾಸು ಎಣಿಸುವ ಜಾಗ ಇದು.

ಈ ಬಂದರಿಗೂ ಹುಬ್ಬಳ್ಳಿಗೂ ನಂಟು ಡಾಂಬರಿನಿಂದ ಶುರುವಾದದ್ದಲ್ಲ. 1638ರ ಹೊತ್ತಿಗೆ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. ಮೆಣಸು, ಏಲಕ್ಕಿಯ ಜೊತೆ ಅವರು ಕೊಂಡೊಯ್ಯುತ್ತಿದ್ದುದು ನವಿರಾದ ಮಸ್ಲಿನ್ ಬಟ್ಟೆ. ಅದನ್ನು ನೇಯುತ್ತಿದ್ದ ನಾಡು ಘಟ್ಟದ ಮೇಲೆ, ಹುಬ್ಬಳ್ಳಿಯ ಸುತ್ತ. ಮುಂಬಯಿ ಇಲಾಖೆಯ ಹಳೆಯ ಗೆಜೆಟಿಯರ್ ಪ್ರಕಾರ ಆ ಕಾಲಕ್ಕೆ ಅವರಿಗಾಗಿ 50,000ದಷ್ಟು ನೇಕಾರರು ಕೆಲಸ ಮಾಡುತ್ತಿದ್ದರು. 1673ರಲ್ಲಿ ಮರಾಠರ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಇಂಗ್ಲಿಷರ ಮಾಲೂ ಹೋಯಿತು. ಪರಿಹಾರದ ತಗಾದೆ ವರ್ಷಗಟ್ಟಲೆ ನಡೆಯಿತು. ನೇಯ್ಗೆಯ ಹಿನ್ನೆಲೆಯ ಮನೆತನಗಳು ಇಂದಿಗೂ ಇರುವ ಕಮರಿಪೇಟೆಯಲ್ಲಿ ಈ ಮಾತು ಹೇಳಿದರೆ ಕಿವಿ ನಿಮಿರಬೇಕು.

ಎರಡು ಶತಮಾನ ಕಳೆದ ಮೇಲೆ ಬಟ್ಟೆಯ ಜಾಗಕ್ಕೆ ಹತ್ತಿ ಬಂತು. ಧಾರವಾಡ ಸೀಮೆಯ ಅರಳೆ ಹೇರೆತ್ತುಗಳ ಬೆನ್ನ ಮೇಲೆ, ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟೆಗೆ ಹೋಗಿ, ಪತ್ತೆಮಾರಿ ಹಡಗುಗಳಲ್ಲಿ ಮುಂಬಯಿ ಸೇರುತ್ತಿತ್ತು. ತಿರುಗಿ ಬರುವಾಗ ಎತ್ತುಗಳ ಮೇಲೆ ಉಪ್ಪು, ತೆಂಗಿನಕಾಯಿ. ಕುಮಟೆಯಲ್ಲಿ ಹತ್ತಿಯ ಒಂದು ಗಿಡವೂ ಬೆಳೆಯುತ್ತಿರಲಿಲ್ಲ. ಆದರೂ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಬಯಲುಸೀಮೆಯ ನಾಟಿ ಹತ್ತಿಗೆ ಬಿದ್ದ ಹೆಸರು ‘ಕುಮಟಾ’. ಬೆಳೆದ ಹೊಲಗಳ ಹೆಸರು ದಾರಿಯಲ್ಲೇ ಉದುರಿ, ಹಡಗೇರಿದ ಊರಿನ ಹೆಸರು ಉಳಿಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ನೆಟ್ಟಿತು. ಕುಮಟೆಯಲ್ಲಿ ದೊಡ್ಡ ಹಡಗು ನಿಲ್ಲದು, ಕಾರವಾರದಲ್ಲಿ ನಿಲ್ಲುತ್ತದೆ. ಮದ್ರಾಸ್ ಆಡಳಿತದ ಕೈಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆ ಹತ್ತಿ ವರ್ತಕರ ಈ ಒತ್ತಡವಿತ್ತು. ಬಂದರು ಮತ್ತು ಹತ್ತಿ ಹೊಲ ಒಂದೇ ಸರ್ಕಾರದ ಕೆಳಗಿರಲಿ ಎಂಬುದು ವಾದ. ಒಂದು ಜಿಲ್ಲೆಯ ನಕ್ಷೆಯೇ ಹೀಗೆ ಒಂದು ಬೆಳೆಗಾಗಿ ಬದಲಾಯಿತು. ಅದೇ ಹುಮ್ಮಸ್ಸಿನಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಳಿಸಿತು. ಅವು ಕಾಳಿ ನದಿಯ ಮುಖದ ಸದಾಶಿವಗಡಕ್ಕೆ ಬಂದಾಗ ಇಳಿಸಿಕೊಳ್ಳಲು ಸರಿಯಾದ ಧಕ್ಕೆ ಇರಲಿಲ್ಲ, ಘಟ್ಟ ಹತ್ತಿಸಲು ರಸ್ತೆ ಮುಗಿದಿರಲಿಲ್ಲ. ಕಂಪನಿ ಹೆಚ್ಚು ದಿನ ಬಾಳಲಿಲ್ಲ.

ರಸ್ತೆ ಆಮೇಲೆ ಆಯಿತು. ಬರಬೇಕಿದ್ದುದು ರೈಲು. ಕಾರವಾರದಿಂದ ಘಟ್ಟ ಹತ್ತಿ ಹುಬ್ಬಳ್ಳಿ ಕಡೆಗೆ ಹಳಿ ಹಾಕುವ ಯೋಜನೆ 1870ರ ದಶಕದಲ್ಲಿ ಚರ್ಚೆಯಲ್ಲಿತ್ತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ ಹಳಿ ಗೋವೆಯ ಮುರ್ಮಗೋವಾ ಬಂದರಿನತ್ತ ತಿರುಗಿತು. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟದ ಮೂಲಕ ರೈಲು ಓಡಿತು; 37 ಅಡಿ ನಡೆದರೆ ಒಂದು ಅಡಿ ಏರುವ ಕಡಿದಾದ ದಾರಿ, ದೂಧಸಾಗರ ಜಲಪಾತದ ಮಗ್ಗುಲಲ್ಲೇ. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ 1885ರಲ್ಲೇ ಹುಬ್ಬಳ್ಳಿಯಲ್ಲಿ ಶುರುವಾಗಿತ್ತು. ಹತ್ತಿ ರೈಲಿನ ಹಿಂದೆ ಹೋಯಿತು. ಕಾರವಾರದ ಕೊಲ್ಲಿ ಮೊದಲಿನಷ್ಟೇ ಆಳ, ಮೊದಲಿನಷ್ಟೇ ಶಾಂತ. ಸರಕು ಮಾತ್ರ ಇಲ್ಲ.

ಅರಬ್ಬಿ ಕಡಲಿನಾಚೆ, ಹಿಂದೂ ಮಹಾಸಾಗರದ ದಡದಲ್ಲಿರುವ ಪೂರ್ವ ಆಫ್ರಿಕಾದ ಮೊಂಬಾಸಾದಲ್ಲಿ, ಹೆಚ್ಚುಕಡಿಮೆ ಅದೇ ಕಾಲಕ್ಕೆ ತದ್ವಿರುದ್ಧ ಕತೆ ನಡೆಯಿತು. ಅಲ್ಲಿಯ ಬಂದರಿನ ಹೆಸರು ಕಿಲಿಂಡಿನಿ. ಸ್ವಾಹಿಲಿಯಲ್ಲಿ ಆಳ ನೀರು ಎಂಬ ಅರ್ಥ. 1896ರಲ್ಲಿ ಅಲ್ಲಿಂದ ಒಳನಾಡಿಗೆ ರೈಲು ಹಾಕತೊಡಗಿದರು. ಸುಮಾರು 32,000 ಭಾರತೀಯ ಕೂಲಿಗಳು ದುಡಿದರು, ಸಾವಿರಾರು ಮಂದಿ ಸತ್ತರು. 1901ರ ಕೊನೆಗೆ ಹಳಿ ವಿಕ್ಟೋರಿಯಾ ಸರೋವರ ಮುಟ್ಟಿತು. ಅದು ಕೂಡ ಹುಬ್ಬಳ್ಳಿಯ ಹಳಿಯಂತೆ ಮೀಟರ್ ಗೇಜು. ರೈಲಿನವರ ಉಗ್ರಾಣವಾಗಿ 1899ರಲ್ಲಿ ಎದ್ದ ನೈರೋಬಿ ಇಂದು ಕೆನ್ಯಾದ ರಾಜಧಾನಿ. ಮೊಂಬಾಸಾ ಬಂದರು ಕೆನ್ಯಾಕ್ಕಷ್ಟೇ ಅಲ್ಲ, ಕಡಲೇ ಇಲ್ಲದ ಉಗಾಂಡ, ರುವಾಂಡಗಳಿಗೂ ಬಾಗಿಲು. 2017ರಲ್ಲಿ ಅಲ್ಲಿಂದ ನೈರೋಬಿಗೆ ಹೊಸ ಹಳಿ ಬಂತು. ಎರಡೂ ಕಡೆ ಆಳ ನೀರಿತ್ತು. ಬೆನ್ನ ಹಿಂದಿನ ದಾರಿ ಒಂದಕ್ಕೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಕಾರವಾರ ರೋಡಿಗೂ ಆಫ್ರಿಕಾಕ್ಕೂ ಇನ್ನೊಂದು, ನೋವಿನ ನಂಟಿದೆ. ಕಲಘಟಗಿ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಬದುಕುವ ಸಿದ್ದಿಗಳ ಹಿರಿಯರಲ್ಲಿ ಹಲವರು ಪೂರ್ವ ಆಫ್ರಿಕಾದ ದಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದವರು. ಬಂದರುಗಳ ಇತಿಹಾಸ ಬರೆಯುವವರು ಸರಕಿನ ಪಟ್ಟಿಯಲ್ಲಿ ಮನುಷ್ಯರೂ ಇದ್ದರೆಂಬುದನ್ನು ಬಿಡಬಾರದು.

ಕಾರವಾರಕ್ಕೆ ಬಿರುಸು ಬಂದ ಕಾಲವೂ ಇತ್ತು. 2000ದ ದಶಕದಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಸಾಲುಸಾಲು ಲಾರಿಗಳಲ್ಲಿ ಹುಬ್ಬಳ್ಳಿಯನ್ನು ಹಾದು ಕಾರವಾರಕ್ಕೂ ಅಂಕೋಲೆಯ ಬೇಲೆಕೇರಿಗೂ ಹೋಯಿತು. ರಸ್ತೆ ಕಿತ್ತು ಹೋಯಿತು, ಮರಗಳ ಎಲೆ ಕೆಂಪಾಯಿತು. ಬೇಲೆಕೇರಿಯಲ್ಲಿ ಜಪ್ತಿಯಾಗಿದ್ದ ಅದಿರೇ ಮಾಯವಾದದ್ದು ಲೋಕಾಯುಕ್ತ ತನಿಖೆಯ ದೊಡ್ಡ ಅಧ್ಯಾಯ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಧೂಳು ಇಳಿಯಿತು, ಬಂದರಿನ ಆದಾಯವೂ ಇಳಿಯಿತು.

ಇಂದಿಗೂ ಈ ಬಂದರಿನ ಉಸಿರಾಟ ಒಂದೇ ಕೊರಳಿನಿಂದ, ಘಟ್ಟದ ರಸ್ತೆಯಿಂದ. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಕಾರವಾರದ ಹೊರಗಿನ ಶಿರವಾಡದಲ್ಲಿ ನಿಲ್ಲುತ್ತದೆ; ಕರಾವಳಿಗುಂಟ ಓಡುತ್ತದೆಯೇ ಹೊರತು ಘಟ್ಟ ಹತ್ತುವುದಿಲ್ಲ. 2021ರ ಜುಲೈಯ ಮಳೆಗೆ ಅರಬೈಲ ಘಟ್ಟದಲ್ಲಿ ಗುಡ್ಡ ಜಾರಿದಾಗ ಬಂದರಿನ ಸರಕು ಕೆಳಗೆಯೇ ನಿಂತಿತು. 164 ಕಿಲೋಮೀಟರ್ ಉದ್ದದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ. ಅಂದಿನಿಂದ ಅದು ಅರಣ್ಯ ಅನುಮತಿ ಮತ್ತು ನ್ಯಾಯಾಲಯಗಳ ನಡುವೆ ಸಿಕ್ಕಿಕೊಂಡಿದೆ. ಹುಬ್ಬಳ್ಳಿಯ ವರ್ತಕರು ರೈಲು ಬೇಕೆಂದು ಧರಣಿ ಕೂತಿದ್ದಾರೆ. ಹುಲಿ, ಆನೆ, ಮಂಗಟ್ಟೆ ಹಕ್ಕಿಗಳ ಕಾಡು ಕಡಿಯುವುದು ಬೇಡ ಎಂದು ಪರಿಸರದವರು ಅಷ್ಟೇ ಗಟ್ಟಿಯಾಗಿ ನಿಂತಿದ್ದಾರೆ. ಎರಡೂ ಕೂಗುಗಳಲ್ಲಿ ಹುರುಳಿದೆ. ಆ ಗುಡ್ಡಗಳು ಜಾರುವುದನ್ನು ಕಣ್ಣಾರೆ ಕಂಡ ಮೇಲೆ ಎಚ್ಚರಿಕೆಯ ಮಾತಿಗೆ ತೂಕ ಇನ್ನೂ ಹೆಚ್ಚಾಗಿದೆ.

ಬಂದರನ್ನು ಸಮುದ್ರದ ಕಡೆಗೆ ಬೆಳೆಸಹೊರಟಾಗಲೂ ತಕರಾರು ಎದ್ದಿತು. ಸಾಗರಮಾಲಾ ಯೋಜನೆಯಡಿ ಹೊಸ ಅಲೆತಡೆಗೋಡೆಯ ಕೆಲಸ ಆರಂಭವಾದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಪೇಟೆ ಬಂದ್ ಆಯಿತು, ಹೈಕೋರ್ಟು ಕೆಲಸಕ್ಕೆ ತಡೆ ಕೊಟ್ಟಿತು. ಅವರ ಸಂಕಟ ಅರ್ಥವಾಗಬೇಕಾದರೆ ದಕ್ಷಿಣಕ್ಕೆ ನೋಡಬೇಕು. ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಬಂತು. ಅಂಜುದೀವ್ ದ್ವೀಪವನ್ನೂ ಒಳಗೊಂಡ ಉದ್ದನೆಯ ದಂಡೆ ನೌಕಾಪಡೆಗೆ ಹೋಯಿತು; ಹಲವು ಹಳ್ಳಿಗಳ ಜನ ಮನೆ, ದೋಣಿ ಕಟ್ಟುವ ಜಾಗ ಬಿಟ್ಟು ಎದ್ದರು. ದೋಣಿ ಎಳೆದು ಹಾಕಲು ಉಳಿದ ಮರಳು ಬಹುಪಾಲು ಟ್ಯಾಗೋರ್ ಕಡಲತೀರದ್ದು. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದ ತರುಣ ರವೀಂದ್ರರು ನಾಟಕವೊಂದನ್ನು ಬರೆದ ತೀರ ಅದು. ಗೋಡೆ ಬಂದರೆ ಮರಳು ಕೊಚ್ಚಿಹೋದೀತೆಂಬುದು ಮೀನುಗಾರರ ಭಯ.

ಸಂಜೆ ಬೈತಖೋಲದ ಗೇಟಿನ ಬಳಿ ತುಂಬಿದ ಟ್ಯಾಂಕರುಗಳು ಒಂದರ ಹಿಂದೊಂದು ಹೊರಬೀಳುತ್ತವೆ. ಚಾಲಕರು ಕಾಗದ ಕಿಸೆಗೆ ಸೇರಿಸಿ, ಮುಚ್ಚಳ ಇನ್ನೊಮ್ಮೆ ತಡವಿ ನೋಡಿ ಹತ್ತುತ್ತಾರೆ. ಅಂಕೋಲೆ ದಾಟಿ ಅರಬೈಲದ ತಿರುವುಗಳಲ್ಲಿ ಮೊದಲ ಗೇರು. ಒಳಗೆ ಡಾಂಬರು ಇನ್ನೂ ಬಿಸಿಯಾಗಿದೆ. ತಣಿಯುವುದರೊಳಗೆ ಬಯಲುಸೀಮೆ ಮುಟ್ಟಬೇಕು.