ಕತ್ತರಿಗೆ ಸಿಕ್ಕ ಮುದ್ರೆ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯರೊಬ್ಬರ ಮಗ, ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ, ಕಾಗದದ ಪೊಟ್ಟಣವೊಂದನ್ನು ಹಿಡಿದು ನಮ್ಮ ಮನೆಗೆ ಬಂದನು. ಪೊಟ್ಟಣದಲ್ಲಿ ಇದ್ದುದು ಹೆಬ್ಬೆಟ್ಟಿನ ಉಗುರಿಗಿಂತ ತುಸು ದೊಡ್ಡದಾದ ಒಂದು ನೀಲಿ ಚೂರು. ಅದರ ನಡುವೆ ವಿಕ್ಟೋರಿಯಾ ರಾಣಿಯ ತಲೆ.

“ಮೇಷ್ಟ್ರೇ, ಇದು 1854ರ ಅರ್ಧ ಆಣೆಯ ಚೀಟಿಯೇ ಇರಬೇಕು. ನೋಡಿ, ಅಂಚಿನಲ್ಲಿ ಹಲ್ಲುಗಳೇ ಇಲ್ಲ” ಎಂದನು. ಆ ಮಾತಿನ ಹಿಂದೆ ಬರುವ ವರ್ಷದ ಕಾಲೇಜು ಶುಲ್ಕದ ಲೆಕ್ಕವೂ ಇದ್ದಿತೆಂಬುದು ಅವನ ಮುಖ ನೋಡಿದೊಡನೆ ತಿಳಿಯಿತು.

ಹುಡುಗನ ತರ್ಕದಲ್ಲಿ ಅರ್ಧ ಸತ್ಯವಿದ್ದಿತು. 1854ರ ಅಕ್ಟೋಬರ್ 1ರಂದು ಇಡೀ ದೇಶಕ್ಕೆಂದು ಬಳಕೆಗೆ ಬಂದ ಚೀಟಿಗಳಿಗೆ ಹಲ್ಲಿನ ಅಂಚು ಇರಲಿಲ್ಲ. ಕ್ಯಾಪ್ಟನ್ ಥುಯಿಲಿಯರ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಕಲ್ಲಚ್ಚಿನಿಂದ ಅಚ್ಚಾದವು. ಅಂಚೆಯವರೂ ಜನರೂ ಅವನ್ನು ಹಾಳೆಯಿಂದ ಕತ್ತರಿಸಿಯೇ ತೆಗೆಯಬೇಕಾಗಿದ್ದಿತು. ನಾಲ್ಕಾಣೆಯ ಚೀಟಿಯ ಕೆಂಪು ಚೌಕಟ್ಟು ಎಂಟು ಮೂಲೆಯದಾದುದರಿಂದ ಅದರ ಗೆರೆಗಳನ್ನೇ ಅನುಸರಿಸಿ ಕತ್ತರಿಸಿದವರೂ ಬಹಳ ಮಂದಿ. ಆದುದರಿಂದ ಕತ್ತರಿಯ ಗುರುತು ಇದೆ ಎಂಬ ಮಾತ್ರಕ್ಕೆ ಒಂದು ಚೂರು ಲಕೋಟೆಯಿಂದ ಬಂದುದು ಎನ್ನಲಾಗದು. ಹಲ್ಲು ಇಲ್ಲ ಎಂಬ ಮಾತ್ರಕ್ಕೆ ಅದು 1854ರದು ಎನ್ನಲೂ ಆಗದು.

“ಕಣ್ಣು ಮುಚ್ಚಿಕೊಂಡು ಬೆರಳಿನಿಂದ ನೋಡು” ಎಂದೆನು. ಅವನು ಬೆರಳಾಡಿಸಿದನು. ರಾಣಿಯ ಕೆನ್ನೆ ಮೇಲೆದ್ದಿದ್ದಿತು. ಹಿಂದೆ ಅದೇ ಜಾಗದಲ್ಲಿ ತಗ್ಗು. ಕಲ್ಲಚ್ಚಿನ ಮುದ್ರಣ ಚಪ್ಪಟೆ. ಅದು ಕಾಗದವನ್ನು ಹೀಗೆ ಉಬ್ಬಿಸಲಾರದು. ಆಮೇಲೆ ಭೂತಗನ್ನಡಿಯನ್ನು ಕೊಟ್ಟೆನು. ನೀಲಿಯ ನೆಲದ ಮೇಲೆ ತಲೆ ಮಾತ್ರ ಬಣ್ಣವಿಲ್ಲದೆ ಬಿಳಿಯಾಗಿ ನಿಂತಿದ್ದಿತು. ಕೊನೆಗೆ ಬೆಳಕಿಗೆ ಹಿಡಿದು ನೋಡಿದೆವು. 1854ರ ಹಾಳೆಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನದ ನೀರುಗುರುತು ಹರಡಿಕೊಂಡಿರುತ್ತದೆ. ಒಂದೊಂದು ಚೀಟಿಗೆ ಅದರ ಒಂದು ತುಣುಕು ಬಂದರೂ ಬರಬಹುದು. ಇಲ್ಲಿ ಅದರ ಸುಳಿವಿರಲಿಲ್ಲ. ಇದು ಅರ್ಧ ಆಣೆಯ ಮುದ್ರೆಯನ್ನು ಮೊದಲೇ ಒತ್ತಿ ಮಾರುತ್ತಿದ್ದ ಸರ್ಕಾರಿ ಲಕೋಟೆಯ ಮೂಲೆ. ಹುಡುಗನ ಮುಖ ಬಾಡಿತು.

ಅವನನ್ನು ಸಮಾಧಾನಪಡಿಸಲೆಂದು ಇಂಗ್ಲೆಂಡಿನ ಕಥೆಯನ್ನು ಹೇಳಿದೆನು. ಅಲ್ಲಿ 1847ರಲ್ಲಿ ಒಂದು ಷಿಲಿಂಗಿನ, 1848ರಲ್ಲಿ ಹತ್ತು ಪೆನ್ನಿಯ, 1854ರಲ್ಲಿ ಆರು ಪೆನ್ನಿಯ ಚೀಟಿಗಳು ಹೊರಬಂದವು. ಮೂರೂ ಎಂಟು ಮೂಲೆಯವು, ಮೂರೂ ಉಬ್ಬುಮುದ್ರೆಯವು, ಮೂರಕ್ಕೂ ಹಲ್ಲಿಲ್ಲ. ನೋಡುವವನಿಗೆ ಲಕೋಟೆಯಿಂದ ಕತ್ತರಿಸಿದಂತೆಯೇ ಕಾಣುತ್ತವೆ. ಆದರೆ ನಿಜವಾದ ಅಂಚೆಚೀಟಿಗಳು. ಅಲ್ಲಿ ಬೆರಳು ಸಾಕ್ಷಿ ಹೇಳಲಾರದು, ಕಾಗದ ಹೇಳಬೇಕು. ಷಿಲಿಂಗಿನ ಮತ್ತು ಹತ್ತು ಪೆನ್ನಿಯ ಚೀಟಿಗಳ ಕಾಗದದೊಳಗೆ ರೇಷ್ಮೆಯ ಎಳೆಗಳು ಹಾಯ್ದಿರುತ್ತವೆ. ಆರು ಪೆನ್ನಿಯದರಲ್ಲಿ ರಾಣಿಯ ಹೆಸರಿನ ಅಕ್ಷರಗಳ ನೀರುಗುರುತಿದೆ. ಇಂತಹ ಚೀಟಿಗಳನ್ನು ಅಂದಿನ ಸಂಗ್ರಾಹಕರು ಅಂದಕ್ಕೆಂದು ಎಂಟು ಮೂಲೆಗೆ ಸರಿಯಾಗಿ ಕತ್ತರಿಸಿಬಿಟ್ಟರು. ಪ್ಯಾರಿಸಿನಲ್ಲಿ 1862ರಲ್ಲಿ ಲಾಲಿಯೇ ಎಂಬಾತ ಅಚ್ಚಾದ ಮನೆಗಳುಳ್ಳ ಆಲ್ಬಮ್ಮನ್ನು ಹೊರತಂದಿದ್ದನು. ಅಂತಹ ಪುಟಗಳ ಮನೆಯೊಳಗೆ ಕೂರಲೆಂದು ಎಷ್ಟೋ ಚೀಟಿಗಳು ತಮ್ಮ ಅಂಚನ್ನು ಕಳೆದುಕೊಂಡವು.

ಅಮೆರಿಕದಲ್ಲಿ ಮುದ್ರೆಯೊತ್ತಿದ ಲಕೋಟೆಗಳು 1853ರಲ್ಲಿ ಬಂದವು. ಅಲ್ಲಿನ ಪಟ್ಟಿಗಳಲ್ಲಿ ಒಂದೇ ಮುದ್ರೆಗೆ ಎರಡು ಬೆಲೆ: ಚೌಕವಾಗಿ ಕತ್ತರಿಸಿದ್ದಕ್ಕೆ ಒಂದು, ಇಡೀ ಲಕೋಟೆಗೆ ಇನ್ನೊಂದು. ಕಾರಣ ಸರಳ. ಚೌಕದಲ್ಲಿ ಸುತ್ತ ಒಂದಿಷ್ಟು ಕಾಗದವಾದರೂ ಉಳಿದರೆ ಅದರ ಬಣ್ಣ, ಗೆರೆಗಳ ಓಟ ತಿಳಿದೀತು. ಆದರೆ ಲಕೋಟೆಯನ್ನು ಯಾವ ಆಕಾರಕ್ಕೆ ಕೊಯ್ದು ಮಡಿಸಿದ್ದರೆಂಬುದು ಇಡೀ ಲಕೋಟೆಗೆ ಮಾತ್ರ ಗೊತ್ತು. ಮುದ್ರೆಯ ಗೆರೆಗಳನ್ನೇ ಹಿಡಿದು ಕತ್ತರಿಸಿದರೆ ಎಲ್ಲ ಸಾಕ್ಷಿಗಳನ್ನೂ ಒಮ್ಮೆಗೇ ಹೊರಗಟ್ಟಿದಂತೆ.

ಇಷ್ಟು ಹೇಳುತ್ತಿರುವಾಗ ನನ್ನ ಗಂಟಲು ಕಟ್ಟಿತು. ಈ ಪಾಠವನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಹತ್ತು ವರ್ಷದ ಹುಡುಗನಾಗಿದ್ದಾಗ ಅಟ್ಟದ ಮೇಲೆ ಒಂದು ಬಟ್ಟೆಯ ಗಂಟು ಸಿಕ್ಕಿತು. ಒಳಗೆ ಹಸಿರು ಮುದ್ರೆಯ ಅರ್ಧ ಆಣೆಯ ಲಕೋಟೆಗಳು, ಇಪ್ಪತ್ತಕ್ಕೂ ಹೆಚ್ಚು. ಒಂದು ಮಧ್ಯಾಹ್ನವೆಲ್ಲ ಕುಳಿತು ಅಷ್ಟನ್ನೂ ಕತ್ತರಿಸಿದೆನು. ರಾಣಿಯ ಸುತ್ತ ಬಿಳಿಯ ಕಾಗದ ಕೂದಲೆಳೆಯಷ್ಟೂ ಉಳಿಯಬಾರದೆಂದು ಎಚ್ಚರವಹಿಸಿ ಕತ್ತರಿಸಿದೆನು. ಮಿಕ್ಕುದೆಲ್ಲ ಬಚ್ಚಲ ಒಲೆಗೆ ಹೋಯಿತು. ಸಂಜೆ ಅಜ್ಜಿ ಕೇಳಿದಳು: “ಅಟ್ಟದ ಗಂಟು ಎಲ್ಲೋ ಮಗು? ಅದರಲ್ಲಿ ನಮ್ಮಪ್ಪ ನಮ್ಮಮ್ಮನಿಗೆ ಬರೆದ ಕಾಗದಗಳಿದ್ದುವಲ್ಲ.” ನಾನು ಆಲ್ಬಮ್ಮನ್ನು ತಂದು ತೋರಿಸಿದೆನು. ಅವಳು ಬೈಯಲಿಲ್ಲ. ಸಾಲಾಗಿ ಅಂಟಿಸಿದ್ದ ಹಸಿರು ತಲೆಗಳನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದಳು. ಅವಳ ತಂದೆಯ ಚಿತ್ರವೊಂದೂ ನಮ್ಮ ಮನೆಯಲ್ಲಿ ಇರಲಿಲ್ಲ. ಅವರ ಕೈಬರಹವಾದರೂ ಹೇಗಿದ್ದಿತೆಂದು ಇನ್ನು ಯಾರೂ ಹೇಳಲಾರರು.

ಹುಡುಗನನ್ನು ಕೇಳಿದೆನು: “ಇದನ್ನು ಕತ್ತರಿಸಿದ ಲಕೋಟೆ ಎಲ್ಲಿ?”

“ಮನೆಯಲ್ಲೇ ಇದೆ, ಮೇಷ್ಟ್ರೇ. ಅಂಥವು ಇನ್ನೂ ಏಳು ಇವೆ. ಅವನ್ನು ಇನ್ನೂ ಮುಟ್ಟಿಲ್ಲ.”

ಮರುದಿನ ಎಲ್ಲವನ್ನೂ ತಂದನು. ಮೂಲೆ ಹೋದ ಲಕೋಟೆಯನ್ನು ಮೇಜಿನ ಮೇಲಿಟ್ಟು ನೀಲಿಯ ಚೂರನ್ನು ಅದರ ತೂತಿಗೆ ಹೊಂದಿಸಿದೆವು. ಚೂರಿನ ಮೇಲೆ ಕಪ್ಪು ಕಮಾನಿನಂತೆ ಕಾಣುತ್ತಿದ್ದುದು ಅಂಚೆಠಸ್ಸೆಯ ಅರ್ಧ. ಮಿಕ್ಕ ಅರ್ಧ ಲಕೋಟೆಯ ಮೇಲೆ ಇದ್ದಿತು. ಎರಡೂ ಕೂಡಿದಾಗ ಮದರಾಸಿನ ಹೆಸರು ಪೂರ್ಣವಾಯಿತು, ದಿನಾಂಕವೂ ಪೂರ್ಣವಾಯಿತು. ಆ ನೀಲಿಯ ಚೂರು ಯಾವುದೆಂದು ಗುರುತಿಸಲು ನಾನು ಹಿಂದಿನ ದಿನ ಪಟ್ಟ ಶ್ರಮಕ್ಕಿಂತ ಈ ಒಂದು ಜೋಡಣೆ ಹೆಚ್ಚನ್ನು ಹೇಳಿತು.

ಆ ಲಕೋಟೆಗಳಿಂದ ಅವನ ಶುಲ್ಕ ಹುಟ್ಟಲಾರದೆಂದು ಮುಚ್ಚುಮರೆಯಿಲ್ಲದೆ ಹೇಳಿದೆನು. ಅವನು ತಲೆಯಾಡಿಸಿದನು. ಆಗಲೇ ಒಳಗಿನ ಕಾಗದವನ್ನು ಬಿಡಿಸಿ, ಮಸಿ ಮಾಸಿದ ಮೊದಲ ಸಾಲನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದ್ದನು.